ಅಡುಗೆಮನೆ ಪ್ರಶ್ನೋತ್ತರ: ಚಿಮ್ನಿಯ ಜಿಡ್ಡು

ದೀಪಾವಳಿ ಕಳೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಚಿಮ್ನಿಯವೇ. ಹಬ್ಬಕ್ಕೆ ಕರಿದ ತಿಂಡಿ ಡಬ್ಬಿ ಸೇರಿ ಖಾಲಿಯೂ ಆಯಿತು, ಅದರ ಎಣ್ಣೆಹೊಗೆ ಒಲೆಯ ಮೇಲಿನ ಫಿಲ್ಟರಿನಲ್ಲಿ ಉಳಿದುಬಿಟ್ಟಿದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ 19 ವರ್ಷ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಕರಿದು ಮಾರಿದವಳು ನಾನು. ಇಲ್ಲಿ ಹೇಳುವುದೆಲ್ಲ ನನ್ನ ಕೈಯಾರೆ ಮಾಡಿ ನೋಡಿದ್ದು.

ಪ್ರಶ್ನೆ: ಅಕ್ಕಾ, ಎರಡು ವರ್ಷದ ಹಿಂದೆ ಹೊಸ ಮನೆಗೆ ಬಂದಾಗ ಚಿಮ್ನಿ ಹಾಕಿಸಿದೆವು. ಒಳಗಿರುವುದು ಸ್ಟೀಲಿನ ಬ್ಯಾಫಲ್ ಫಿಲ್ಟರ್. ನಮ್ಮಲ್ಲಿ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಎರಡೂ ಬಳಕೆ. ವಾರಕ್ಕೆ ಎರಡು ಸಲವಾದರೂ ಮಿರ್ಚಿಬಜಿ ಆಗುತ್ತದೆ. ಈಗ ಫಿಲ್ಟರ್ ಮುಟ್ಟಿದರೆ ಕೈ ಅಂಟಿಕೊಳ್ಳುತ್ತದೆ. ಅಡುಗೆ ಸೋಡಾ ಉದುರಿಸಿ ವಿನೆಗರ್ ಸುರಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಎರಡು ಬಾಟಲಿ ಖಾಲಿಯಾಯಿತು, ಬುರುಬುರು ನೊರೆ ಬಂತು, ಜಿಡ್ಡು ಹೋಗಲಿಲ್ಲ. ತಿಕ್ಕಿ ತಿಕ್ಕಿ ರಟ್ಟೆ ಸೋತವು. ನಾನು ಎಲ್ಲಿ ತಪ್ಪಿದೆ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ತಂಗಿ, ನೀವು ತಪ್ಪಲಿಲ್ಲ. ನಿಮಗೆ ಹೇಳಿಕೊಟ್ಟ ಕ್ರಮವೇ ತಪ್ಪು. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡನ್ನೂ ಕೂಡಿಸಿದರೆ ಒಂದರ ಬಲವನ್ನು ಇನ್ನೊಂದು ಮುರಿಯುತ್ತದೆ. ನೀವು ಕಂಡ ನೊರೆ ಇಂಗಾಲದ ಡೈಆಕ್ಸೈಡ್, ಗೋಲಿ ಸೋಡಾ ಬಾಟಲಿಯಿಂದ ಉಕ್ಕುವ ಅದೇ ಅನಿಲ. ನೊರೆ ಇಳಿದ ಮೇಲೆ ಪಾತ್ರೆಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಉಪ್ಪುನೀರಿಗೆ ಜಿಡ್ಡು ಜಗ್ಗೀತೇ? ಜಿಡ್ಡಿಗೆ ಬೇಕಾದ್ದು ಕ್ಷಾರ, ಬಿಸಿ, ಹೊತ್ತು. ಈ ಮೂರೂ ಕೂಡಿದರೆ ನಿಮ್ಮ ರಟ್ಟೆಗೆ ಹೆಚ್ಚು ಕೆಲಸ ಉಳಿಯುವುದಿಲ್ಲ.

ನಿಮ್ಮ ಫಿಲ್ಟರ್ ಅಷ್ಟು ಅಂಟಾಗಲು ನೀವು ಬಳಸುವ ಎಣ್ಣೆಯೂ ಒಂದು ಕಾರಣ. ಕುಸುಬಿ ಎಣ್ಣೆಯ ಬಾಟಲಿಯ ಮುಚ್ಚಳದ ಸುತ್ತ ಸ್ವಲ್ಪ ದಿನಕ್ಕೇ ಗೋಂದಿನ ಹಾಗೆ ಕಟ್ಟಿಕೊಳ್ಳುವುದನ್ನು ನೀವು ನೋಡಿಯೇ ಇರುತ್ತೀರಿ. ಕುಸುಬೆ, ಸೂರ್ಯಕಾಂತಿಯಂಥ ಎಣ್ಣೆಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ, ಕಣಕ್ಕೆ ಕಣ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಬಿಸಿ ತಾಗಿದರೆ ಇನ್ನೂ ಬೇಗ. ಅಗಸೆ ಎಣ್ಣೆಯನ್ನು ಮರಕ್ಕೆ ಹಚ್ಚಿದರೆ ಒಣಗಿ ಗಟ್ಟಿ ಪದರವಾಗುವುದೂ ಇದೇ ಗುಣದಿಂದ. ಅಂದರೆ ಎರಡು ವರ್ಷದಿಂದ ನಿಮ್ಮ ಫಿಲ್ಟರಿಗೆ ದಿನವೂ ತೆಳುವಾಗಿ ವಾರ್ನಿಶ್ ಬಳಿದಂತಾಗಿದೆ. ಶೇಂಗಾ ಎಣ್ಣೆ ಇಷ್ಟು ಬೇಗ ಕಟ್ಟುವುದಿಲ್ಲ, ಕೊಬ್ಬರಿ ಎಣ್ಣೆ ಅದಕ್ಕಿಂತಲೂ ನಿಧಾನ. ಹಾಗೆಂದು ಊಟದ ಎಣ್ಣೆ ಬದಲಾಯಿಸಬೇಡಿ. ಕುಸುಬಿ ಎಣ್ಣೆಯ ಅಡುಗೆಮನೆಯಲ್ಲಿ ಫಿಲ್ಟರನ್ನು ಬೇಗಬೇಗ ತೊಳೆಯಬೇಕು ಅಷ್ಟೇ.

ಈಗ ತೊಳೆಯುವ ಕ್ರಮ. ಚಿಮ್ನಿಯ ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತುಬಿಡಿ. ಒಲೆ ಪೂರ್ತಿ ತಣ್ಣಗಿರಲಿ. ಒಲೆಯ ಮೇಲೆ ಹಳೆಯ ಪತ್ರಿಕೆ ಹಾಸಿ ಫಿಲ್ಟರಿನ ಕೊಂಡಿ ಬಿಡಿಸಿ. ಓರೆ ಮಾಡಿದರೆ ಒಳಗೆ ನಿಂತ ಎಣ್ಣೆ ಮೈಮೇಲೆ ಸುರಿಯುತ್ತದೆ, ಮಟ್ಟವಾಗಿ ಇಳಿಸಿ. ಅದನ್ನು ಪತ್ರಿಕೆಯ ಮೇಲೆ ಅರ್ಧ ಗಂಟೆ ನಿಲ್ಲಿಸಿ ಬಸಿಯಲು ಬಿಡಿ. ಹೊರಗಿನ ಗಡ್ಡೆಗಳನ್ನು ಮರದ ಸೌಟಿನ ಹಿಡಿಯಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದಲೋ ಕೆರೆದು ಪತ್ರಿಕೆಯಲ್ಲೇ ಸುತ್ತಿ ಕಸಕ್ಕೆ ಹಾಕಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ. ಇಲ್ಲಿ ಕೆರೆಯದೆ ಬಿಟ್ಟದ್ದೆಲ್ಲ ಮುಂದೆ ಸಿಂಕಿನ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ.

ಬಟ್ಟೆ ನೆನೆಸುವ ಅಗಲ ಟಬ್ಬಿಗೆ ಗೀಸರಿನ ಸುಡುಬಿಸಿ ನೀರು ತುಂಬಿ. 10 ಲೀಟರಿಗೆ ಐದು ದೊಡ್ಡ ಚಮಚ ವಾಷಿಂಗ್ ಸೋಡಾ, ಎರಡು ಚಮಚ ಪಾತ್ರೆ ತೊಳೆಯುವ ದ್ರವ. ವಾಷಿಂಗ್ ಸೋಡಾ ಎಂದರೆ ಬಟ್ಟೆಗೆ ಹಾಕುವ ಸೋಡಾ, ಅಡುಗೆ ಸೋಡಾ ಅಲ್ಲ. ಅಡುಗೆ ಸೋಡಾ ಬಲು ಸೌಮ್ಯ, ಹಳೆಯ ಜಿಡ್ಡಿಗೆ ಸಾಲದು. ಸೋಡಾ ಪೂರ್ತಿ ಕರಗಿದ ಮೇಲೆ ಫಿಲ್ಟರ್ ಮುಳುಗಿಸಿ. ಟಬ್ ಚಿಕ್ಕದಾದರೆ ಒಂದು ಗಂಟೆ ಒಂದು ಬದಿ, ಆಮೇಲೆ ತಿರುಗಿಸಿ ಇನ್ನೊಂದು ಬದಿ. ತಿಂಗಳಿಗೊಮ್ಮೆ ತೊಳೆಯುವವರಿಗೆ ಇಷ್ಟು ಸಾಕು. ನಿಮ್ಮ ಎರಡು ವರ್ಷದ ಪದರಕ್ಕೆ ನೀರು ತಣ್ಣಗಾದ ಹಾಗೆ ಚೆಲ್ಲಿ, ಹೊಸ ಬಿಸಿನೀರು, ಹೊಸ ಸೋಡಾ ಹಾಕಿ. ಸಂಜೆ ಶುರುಮಾಡಿ ಮಲಗುವ ಹೊತ್ತಿಗೆ ಎರಡು ಸಲ ನೀರು ಬದಲಿಸಿ ರಾತ್ರಿ ಪೂರ್ತಿ ಬಿಟ್ಟರೆ ಬೆಳಿಗ್ಗೆ ಕಂದುಬಣ್ಣದ ನೀರಿನ ಮೇಲೆ ಜಿಡ್ಡು ಕೆನೆಗಟ್ಟಿರುತ್ತದೆ. ಕ್ಷಾರ ಎಣ್ಣೆಯ ಒಂದು ಭಾಗವನ್ನು ಸಾಬೂನು ಮಾಡಿರುತ್ತದೆ, ಆ ಸಾಬೂನೇ ಉಳಿದ ಎಣ್ಣೆಯನ್ನು ಎತ್ತುತ್ತದೆ. ಆಗ ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ನೈಲಾನ್ ಸ್ಕ್ರಬ್ಬರ್ ಸಾಕು. ತಂತಿ ಬ್ರಷ್, ಸ್ಟೀಲ್ ನಾರು ಬೇಡ. ಅವು ಗೀರಿದ ಗೆರೆಗಳಲ್ಲಿ ಮುಂದಿನ ಸಲದ ಜಿಡ್ಡು ಇನ್ನೂ ಭದ್ರವಾಗಿ ಕೂರುತ್ತದೆ.

ಬ್ಯಾಫಲ್ ಫಿಲ್ಟರಿನಲ್ಲಿ ಕಣ್ಣಿಗೆ ಕಾಣುವ ಮುಖಕ್ಕಿಂತ ಒಳಗಿನ ಬಾಗುಗಳೇ ಮುಖ್ಯ. ಹೊಗೆ ಆ ಬಾಗುಗಳಲ್ಲಿ ತಟ್ಟನೆ ತಿರುಗಿ ಮೇಲಕ್ಕೆ ಹೋಗುತ್ತದೆ. ಭಾರವಾದ ಎಣ್ಣೆಯ ಹನಿ ಅಷ್ಟು ಬೇಗ ತಿರುಗಲಾರದೆ ತಗಡಿಗೆ ಬಡಿದು ಕೆಳಗೆ ಹರಿಯುತ್ತದೆ. ಹೀಗೆ ಎಣ್ಣೆ ಹಿಡಿಯುವ ಜಾಗಕ್ಕೆ ಯಾವ ಬ್ರಷ್ಷೂ ಸರಿಯಾಗಿ ತಲುಪುವುದಿಲ್ಲ, ನೀರು ತಲುಪುತ್ತದೆ. ತಿಕ್ಕುವುದಕ್ಕಿಂತ ನೆನೆಸಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ನೊರೆ ಬಾರದೆ ಬಿಳಿ ಕಿಟ್ಟ ಕಟ್ಟುತ್ತದಲ್ಲ, ವಾಷಿಂಗ್ ಸೋಡಾ ಆ ಗಡಸುತನವನ್ನೂ ಇಳಿಸುತ್ತದೆ. ತೊಳೆದ ಸ್ಟೀಲಿನ ಮೇಲೆ ನೀರಿನ ಬಿಳಿ ಕಲೆ ಉಳಿದರೆ ಆಗ ತೆಗೆಯಿರಿ ನಿಮ್ಮ ವಿನೆಗರ್ ಬಾಟಲಿ. ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿ, ಮತ್ತೆ ನೀರಿನಲ್ಲಿ ಜಾಲಿಸಿ. ವಿನೆಗರಿಗೆ ಇಲ್ಲಿರುವ ಕೆಲಸ ಇದೊಂದೇ. ಕೊನೆಗೆ ಬಿಸಿಲಿಗೆ ಒರಗಿಸಿ, ಒಳಬಾಗುಗಳೂ ಒಣಗಿದ ಮೇಲೆ ಮಾತ್ರ ಸಿಕ್ಕಿಸಿ.

ಟಬ್ಬಿನ ನೀರು ತಣಿದ ಮೇಲೆ ಮೇಲಿನ ಕೆನೆಯನ್ನು ಪತ್ರಿಕೆಯಿಂದ ಎತ್ತಿ ಕಸಕ್ಕೆ ಹಾಕಿ, ಉಳಿದ ನೀರನ್ನು ಧಾರಾಳ ನೀರಿನೊಂದಿಗೆ ಬಚ್ಚಲಿಗೆ ಬಿಡಿ. ಕರಿಬೇವಿನ ಗಿಡದ ಬುಡಕ್ಕೆ ದಯವಿಟ್ಟು ಹಾಕಬೇಡಿ. ತುಂಗಭದ್ರಾ ನಾಲೆಯ ಕೆಳಗೆ ಸವಳು ಹತ್ತಿದ ಹೊಲ ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಸೋಡಾ ನೀರು ಕುಂಡದ ಮಣ್ಣನ್ನು ಹಾಗೇ ಕೆಡಿಸುತ್ತದೆ.

ಚಿಮ್ನಿಯ ಹೊರಮೈಗೆ, ಬಣ್ಣ ಬಳಿದ ತಗಡಿಗೆ, ಗಾಜಿಗೆ ಈ ಸೋಡಾ ನೀರು ಬೇಡ. ಹಲಸಿನ ಹಣ್ಣು ಬಿಡಿಸಿದ ಕೈಯ ಮೇಣ ಕೊಬ್ಬರಿ ಎಣ್ಣೆಗೆ ಬಿಡುತ್ತದಲ್ಲ, ಇದೂ ಹಾಗೇ. ಬಟ್ಟೆಗೆ ಸ್ವಲ್ಪ ಅಡುಗೆ ಎಣ್ಣೆ ತಾಗಿಸಿ ಅಂಟಿನ ಮೇಲೆ ಸವರಿ, ಹತ್ತು ನಿಮಿಷ ಬಿಟ್ಟರೆ ಸಡಿಲವಾಗುತ್ತದೆ. ಆಮೇಲೆ ಪಾತ್ರೆ ದ್ರವ ಹಾಕಿದ ಬಿಸಿನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಏನನ್ನೂ ನೇರವಾಗಿ ಚಿಮ್ನಿಯ ಮೇಲೆ ಸಿಂಪಡಿಸಬೇಡಿ, ದೀಪದ ಸಂದಿಗೂ ಮೋಟಾರಿಗೂ ನೀರು ಇಳಿಯುತ್ತದೆ.

ಪ್ರಶ್ನೆ: ನಮ್ಮದು ಅಲ್ಯೂಮಿನಿಯಂ ಜಾಲರಿಯ ಫಿಲ್ಟರ್. ಬೇಗ ಶುದ್ಧವಾಗಲಿ ಎಂದು ಚರಂಡಿ ಕಟ್ಟಿದಾಗ ಹಾಕುವ ಕಾಸ್ಟಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಅದ್ದಿದೆ. ನೀರು ಕುದಿದಂತೆ ಉಕ್ಕಿತು, ಜಾಲರಿ ಕಪ್ಪಾಯಿತು. ಮುಟ್ಟಿದರೆ ಕೈಗೆ ಮಸಿ ಹತ್ತುತ್ತದೆ. ಮತ್ತೆ ಬೆಳ್ಳಗೆ ಮಾಡಬಹುದೇ?
– ಓದುಗರು, ಮಂಗಳೂರು

ಉತ್ತರ: ಮೊದಲು ಒಂದು ಮಾತು: ನಿಮ್ಮ ಕಣ್ಣು, ಕೈ ಸುರಕ್ಷಿತವಾಗಿವೆಯಲ್ಲ, ಅದೇ ದೊಡ್ಡದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಲೋಹವನ್ನೇ ತಿನ್ನುತ್ತದೆ. ನೀರು ಉಕ್ಕಿದ್ದು ಎಣ್ಣೆ ಬಿಟ್ಟದ್ದರಿಂದಲ್ಲ, ಲೋಹ ಕರಗಿ ಹೈಡ್ರೋಜನ್ ಹೊರಬಂದದ್ದರಿಂದ. ಆ ಅನಿಲಕ್ಕೆ ಬೆಂಕಿ ಹತ್ತುತ್ತದೆ, ಪಕ್ಕದಲ್ಲಿ ಒಲೆ ಉರಿಯುತ್ತಿದ್ದರೆ ಏನಾಗುತ್ತಿತ್ತೋ. ಹೋದ ಹೊಳಪು ಪೂರ್ತಿ ಮರಳುವುದಿಲ್ಲ. ಚೆನ್ನಾಗಿ ತೊಳೆದು ಬೆಳಕಿಗೆ ಹಿಡಿದು ನೋಡಿ. ಎಳೆಗಳು ತೆಳುವಾಗಿ ತುಂಡಾಗಿದ್ದರೆ, ಅಲ್ಲಲ್ಲಿ ತೂತು ದೊಡ್ಡದಾಗಿದ್ದರೆ ಹೊಸ ಜಾಲರಿ ತನ್ನಿ. ಬರೀ ಬಣ್ಣ ಕೆಟ್ಟಿದ್ದರೆ ಬಳಸಬಹುದು.

ಅಲ್ಯೂಮಿನಿಯಮ್ಮಿಗೆ ವಾಷಿಂಗ್ ಸೋಡಾ ಕೂಡ ಜಾಸ್ತಿಯಾಯಿತು, ಅದರಲ್ಲೂ ರಾತ್ರಿಯಿಡೀ ನೆನೆಸಿದರೆ ಬಣ್ಣಗೆಡುತ್ತದೆ. ಬಿಸಿನೀರು, ಪಾತ್ರೆ ದ್ರವ, ಒಂದೆರಡು ಚಮಚ ಅಡುಗೆ ಸೋಡಾ, ಇಪ್ಪತ್ತೈದು ನಿಮಿಷ. ಹೋಗದಿದ್ದರೆ ಹೊಸ ಬಿಸಿನೀರಿನಲ್ಲಿ ಇನ್ನೊಮ್ಮೆ. ಹದಿನೈದು ದಿನಕ್ಕೊಮ್ಮೆ ತೊಳೆದರೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದೇ ಇಲ್ಲ. ನಿಮ್ಮ ಕಡೆ ತೆಂಗಿನ ಎಣ್ಣೆಯ ಅಡುಗೆ ಹೆಚ್ಚು. ಅದರ ಜಿಡ್ಡು ಸುಲಭವಾಗಿ ಗೋಂದಾಗುವುದಿಲ್ಲ, ಬಿಸಿನೀರು ತಾಗಿದರೆ ಕರಗಿ ಹರಿಯುತ್ತದೆ. ಜಾಲರಿ ಫಿಲ್ಟರನ್ನು ಮಾತ್ರ ಯಾರೂ ತಿಂಗಳುಗಟ್ಟಲೆ ಮರೆಯಬಾರದು. ಪದರಪದರದ ನಡುವೆ ಎಣ್ಣೆ ಹೀರಿಕೊಂಡು ಕೂತ ಜಾಲರಿಗೆ ಕೆಳಗಿನಿಂದ ಒಗ್ಗರಣೆಯ ಜ್ವಾಲೆ ಎದ್ದು ತಾಗಿದರೆ ಅದೂ ಹತ್ತಿಕೊಳ್ಳುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ, ಚಿಮ್ನಿ ನಿಲ್ಲಿಸಿ, ತಟ್ಟೆ ಮುಚ್ಚಿ. ನೀರು ಖಂಡಿತ ಹಾಕಬೇಡಿ.

ಫಿಲ್ಟರ್ ಯಾವ ಲೋಹದ್ದು ಎಂದು ಇನ್ನೂ ಕೆಲವರು ಕೇಳಿದ್ದಾರೆ. ಆಯಸ್ಕಾಂತ ಅಂಟಿದರೆ ಅದು ಸ್ಟೀಲ್, ಅನುಮಾನವಿಲ್ಲ. ಅಂಟದಿದ್ದರೆ ಅಲ್ಯೂಮಿನಿಯಂ ಎಂದು ತೀರ್ಮಾನಿಸಬೇಡಿ, ಕೆಲವು ಒಳ್ಳೆಯ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ. ಕೈಯಲ್ಲಿ ಹಿಡಿದು ತೂಗಿ: ಅಲ್ಯೂಮಿನಿಯಂ ಹಗುರ, ಮಂಕು ಬಿಳುಪು. ಅನುಮಾನ ಉಳಿದರೆ ಅಲ್ಯೂಮಿನಿಯಂ ಎಂದುಕೊಂಡೇ ತೊಳೆಯಿರಿ, ಯಾವ ಲೋಹಕ್ಕೂ ಹಾನಿಯಿಲ್ಲ.

ಕಾಸ್ಟಿಕ್ ಪುಡಿಯ ವಿಷಯ ಇಲ್ಲಿಗೇ ಬಿಡಲು ನನಗೆ ಮನಸ್ಸಿಲ್ಲ. ನಮ್ಮ ಚಕ್ಕುಲಿ ಕೋಣೆಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳು ಗೌರಿ ಹಬ್ಬದ ಹಿಂದಿನ ದಿನ ಅದೇ ಪುಡಿ ಹಾಕಿ ಬಾಣಲೆ ತೊಳೆಯಲು ಹೋದಳು. ತಂದಿಟ್ಟವಳು ನಾನೇ. ಒದ್ದೆ ಕೈಗೆ ಪುಡಿ ಹತ್ತಿತು. ಮೊದಲು ಕೈ ಜಾರುಜಾರಾಯಿತು ಅಂದಳು. ಅದು ಚರ್ಮದ ಕೊಬ್ಬೇ ಸಾಬೂನಾಗುವ ಗುರುತು ಎಂದು ಆಗ ನನಗೆ ತಿಳಿದಿರಲಿಲ್ಲ. ಯಾರೋ ನಿಂಬೆಹಣ್ಣು ಹಿಂಡಿ ಎಂದರು, ಹಿಂಡಿದೆವು. ಹಿಂಡಬಾರದಿತ್ತು. ನಲ್ಲಿಯಡಿ ಕೈ ಹಿಡಿಸಿ ಕನಿಷ್ಠ 20 ನಿಮಿಷ ಹರಿಯುವ ನೀರು ಬಿಡಬೇಕಿತ್ತು, ಆ ಹೊತ್ತಿನಲ್ಲೇ ಆಸ್ಪತ್ರೆಗೆ ಹೋಗಲು ಗಾಡಿ ಕರೆಸಬೇಕಿತ್ತು. ಅವಳ ಎರಡು ಬೆರಳಿನ ಚರ್ಮ ಇವತ್ತಿಗೂ ಬಿಗಿಯಾಗಿಯೇ ಇದೆ, ಕೋಡುಬಳೆ ಹೊಸೆಯುವಾಗ ನೋಯುತ್ತದೆ. ಒಂದು ಬಾಣಲೆಯ ಹೊಳಪಿಗಾಗಿ ಅಷ್ಟು ಬೆಲೆ ಅವಳು ತೆತ್ತಳು. ಕಾಸ್ಟಿಕ್ ಪುಡಿಯನ್ನು ಅಡುಗೆಮನೆಯ ಕಪಾಟಿನಲ್ಲಿ ಇಡಲೇಬೇಡಿ. ಶೌಚಾಲಯ ತೊಳೆಯುವ ಆಸಿಡ್ ಕೂಡ ಫಿಲ್ಟರಿಗೆ ಬೇಡ, ಅದು ಸ್ಟೀಲಿನಲ್ಲಿ ಸಣ್ಣಸಣ್ಣ ಕುಳಿ ಬೀಳಿಸಿ ತುಕ್ಕು ಹಿಡಿಸುತ್ತದೆ. ಆಸಿಡ್ಡಿಗೆ ಬ್ಲೀಚ್ ಬೆರೆತರಂತೂ ಹೊರಡುವುದು ಕ್ಲೋರಿನ್, ವಿಷದ ಗಾಳಿ.

ಪ್ರಶ್ನೆ: ಅಮ್ಮಾ, ಆಟೋ ಕ್ಲೀನ್ ಚಿಮ್ನಿ ತಂದರೆ ತೊಳೆಯುವ ಗೋಜೇ ಇಲ್ಲ ಎಂದು ಅಂಗಡಿಯವರು ಹೇಳಿದ್ದರು. ಒಂದು ವರ್ಷವಾಯಿತು, ಈಗ ಒಲೆಯ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿದೆ. ಬಟನ್ ಒತ್ತಿದರೂ ಪ್ರಯೋಜನವಿಲ್ಲ.
– ಶಿಕ್ಷಕಿ, ತುಮಕೂರು

ಉತ್ತರ: ಬಟನ್ ಒತ್ತಿದಾಗ ಒಳಗಿನ ಹೀಟರ್ ಕಾದು ಫ್ಯಾನಿನ ಸುತ್ತ ಅಂಟಿದ ಎಣ್ಣೆಯನ್ನು ಕರಗಿಸಿ ಒಂದು ಚಿಕ್ಕ ಬಟ್ಟಲಿಗೆ ಇಳಿಸುತ್ತದೆ. ಆ ಬಟ್ಟಲನ್ನು ಒಂದು ಸಲವಾದರೂ ಹೊರತೆಗೆದಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ತುಂಬಿ ಹೊರಸೂಸುತ್ತಿರುವುದು ಅದೇ ಇರಬೇಕು. ಮೊದಲು ಅದನ್ನು ಖಾಲಿ ಮಾಡಿ ತೊಳೆಯಿರಿ. ಹೀಟರಿನ ಕೆಲಸ ಫ್ಯಾನಿಗಷ್ಟೇ. ಕೆಳಗೆ ಫಿಲ್ಟರ್ ಇರುವ ಮಾದರಿಯಾದರೆ ಅದನ್ನು ಕೈಯಲ್ಲೇ ತೊಳೆಯಬೇಕು, ಹುಬ್ಬಳ್ಳಿಯ ತಂಗಿಗೆ ಹೇಳಿದ ಕ್ರಮದಲ್ಲಿ. ಫಿಲ್ಟರ್ ಇಲ್ಲದ ಮಾದರಿಯಾದರೆ ಒಳಗೋಡೆಯನ್ನು ವಾರಕ್ಕೊಮ್ಮೆ ಒರೆಸಿ. ಒಂದು ವರ್ಷ ಕಟ್ಟಿದ ಗೋಂದು ಶಾಖಕ್ಕೆ ಕರಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಆದ್ದರಿಂದ ಈ ಒಂದು ಸಲ ಸರ್ವಿಸಿನವರನ್ನು ಕರೆಸಿ ಫ್ಯಾನ್ ಬಿಚ್ಚಿಸಿ ತೊಳೆಸಿ. ಮುಂದೆ ಹದಿನೈದು ದಿನಕ್ಕೊಮ್ಮೆ, ಒಲೆ ಆರಿಸಿ, ಪಾತ್ರೆಗಳನ್ನು ಸರಿಸಿ ಬಟನ್ ಒತ್ತಿದರೆ ಸಾಕು.

ಪ್ರಶ್ನೆ: ಬಾಡಿಗೆ ಮನೆ, ಗೋಡೆಗೆ ತೂತು ಕೊರೆಯಲು ಬಿಡಲಿಲ್ಲ. ಹಾಗಾಗಿ ಪೈಪಿಲ್ಲದ ಚಿಮ್ನಿ ಹಾಕಿದ್ದೇವೆ. ಒಳಗಿನ ಕಪ್ಪು ಇದ್ದಿಲಿನ ಫಿಲ್ಟರನ್ನು ಹೇಗೆ ತೊಳೆಯುವುದು?
– ಓದುಗರು, ಬೆಂಗಳೂರು

ಉತ್ತರ: ತೊಳೆಯಬೇಡಿ. ಸಾಮಾನ್ಯವಾಗಿ ಇದ್ದಿಲಿನ ಫಿಲ್ಟರ್ ತೊಳೆಯುವಂಥದ್ದಲ್ಲ. ಇದ್ದಿಲಿನ ಸಣ್ಣ ರಂಧ್ರಗಳು ವಾಸನೆ ಹಿಡಿಯುತ್ತವೆ, ತುಂಬಿದ ಮೇಲೆ ಬದಲಿಸುವುದೇ ದಾರಿ. ಅದರ ಮುಂದಿರುವ ಲೋಹದ ಫಿಲ್ಟರನ್ನು ಶುದ್ಧವಾಗಿಟ್ಟರೆ ಇದ್ದಿಲು ಹೆಚ್ಚು ದಿನ ಬಾಳುತ್ತದೆ. ಈ ಚಿಮ್ನಿ ಗಾಳಿಯನ್ನು ಸೋಸಿ ಮತ್ತೆ ಮನೆಯೊಳಗೇ ಬಿಡುವುದರಿಂದ ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ.

ಪ್ರಶ್ನೆ: ನನಗೆ 74 ವರ್ಷ. ನಮ್ಮ ಅಮ್ಮ ತುಪ್ಪ ಕಾಸಿದ ಪಾತ್ರೆಯನ್ನೂ ಬೂದಿ, ಅಂಟುವಾಳದಲ್ಲೇ ಬೆಳಗುತ್ತಿದ್ದರು. ಸೊಸೆ ಚಿಮ್ನಿಗೆ ಏನೇನೋ ಬಾಟಲಿ ತರುತ್ತಾಳೆ. ನಮ್ಮ ಬಚ್ಚಲೊಲೆಯ ಬೂದಿ ಇದಕ್ಕೆ ಆಗುವುದಿಲ್ಲವೇ?
– ಅಜ್ಜಿ, ಶಿರಸಿ

ಉತ್ತರ: ಆಗುತ್ತದೆ ಅಮ್ಮ. ನಿಮ್ಮ ಪತ್ರ ಓದಿ ನನಗೆ ನಮ್ಮ ಅಜ್ಜಿಮನೆಯ ಅಡುಗೆಮನೆ ಕಣ್ಣಿಗೆ ಕಟ್ಟಿತು: ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲು, ಜಂತಿಗೆ ಜೋತುಬಿದ್ದ ಇಲ್ಲಣ. ಆಗ ಹೊಗೆಯ ಜಿಡ್ಡು ಹೆಂಚಿಗೂ ಜಂತಿಗೂ ಹಂಚಿಹೋಗುತ್ತಿತ್ತು. ಈಗ ಅದನ್ನೆಲ್ಲ ಎರಡು ತಗಡು ಹಿಡಿಯಬೇಕು.

ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇದೆ, ವಾಷಿಂಗ್ ಸೋಡಾದಲ್ಲಿ ಸೋಡಿಯಂ ಕಾರ್ಬೋನೇಟ್. ಎರಡೂ ಒಂದೇ ಕುಲದ ಕ್ಷಾರ. ಮಡಿವಾಳರು ಚೌಳು ಮಣ್ಣಿನಲ್ಲಿ ಬಟ್ಟೆ ಕುದಿಸುತ್ತಿದ್ದದ್ದೂ ಇದೇ ಗುಣಕ್ಕೆ. ಒಂದು ಕೊಡಪಾನ ಬಿಸಿನೀರಿಗೆ ನಾಲ್ಕು ಬೊಗಸೆ ಜರಡಿ ಹಿಡಿದ ಬೂದಿ ಕಲಸಿ ರಾತ್ರಿ ಇಡಿ, ಬೆಳಿಗ್ಗೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಿ. ಆ ತಿಳಿನೀರಿನಲ್ಲಿ ಸ್ಟೀಲ್ ಫಿಲ್ಟರ್ ನೆನೆಸಬಹುದು. ಬೂದಿಯನ್ನೇ ಹಾಕಿ ತಿಕ್ಕಿದರೆ ಅದರ ಮರಳು ಗೀರುತ್ತದೆ. ಅಲ್ಯೂಮಿನಿಯಮ್ಮಿಗೆ ಇದೂ ಬೇಡ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಯಾವುದಕ್ಕೂ ಬೇಡ. ಅಂಟುವಾಳದ ನೊರೆ ಹೊಸ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ, ಹಳೆಯ ಗೋಂದಿಗೆ ಸಾಲದು. ವಾರಕ್ಕೊಮ್ಮೆ ಹೊರಮೈ ಒರೆಸಲು ಅದೇ ಇಟ್ಟುಕೊಳ್ಳಿ. ಸೊಸೆಗೆ ಇದನ್ನು ಹೇಳಿಕೊಡಿ, ಆದರೆ ಅವಳು ಬಾಟಲಿಯೇ ಇರಲಿ ಎಂದರೆ ಬೇಸರ ಬೇಡ. ತಿಕ್ಕುವ ಕೈ ಅವಳದು.

ಪ್ರಶ್ನೆ: ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಚಿಮ್ನಿ ತೊಳೆಯುವುದನ್ನು ಮನೆಕೆಲಸಕ್ಕೆ ಬರುವಾಕೆಗೆ ಹೇಳಬಹುದೇ?
– ದಂಪತಿ, ಮೈಸೂರು

ಉತ್ತರ: ಕೇಳಬಹುದು, ಆಕೆ ಒಪ್ಪಿದರೆ. ಇದು ದಿನದ ಪಾತ್ರೆಯ ಜೊತೆ ಸೇರಿಸುವ ಕೆಲಸವಲ್ಲ, ಬೇರೆಯೇ ಕೆಲಸ; ಅದಕ್ಕೆ ಬೇರೆ ದುಡ್ಡು ಮೊದಲೇ ಮಾತಾಡಿ. ಫಿಲ್ಟರ್ ಬಿಚ್ಚುವುದು, ಮತ್ತೆ ಸಿಕ್ಕಿಸುವುದು ನಿಮ್ಮಲ್ಲಿ ಎತ್ತರವಿರುವವರು ಮಾಡಿ. ಆಕೆಯನ್ನು ಒಲೆಕಟ್ಟೆಯ ಮೇಲೆ ಹತ್ತಿಸಬೇಡಿ, ಜಿಡ್ಡಿನ ಕಲ್ಲಿನ ಮೇಲೆ ಒದ್ದೆ ಕಾಲು ನಿಲ್ಲುವುದಿಲ್ಲ. ಹಿಂದಿನ ರಾತ್ರಿ ನೀವೇ ಸೋಡಾ ನೀರಿನಲ್ಲಿ ನೆನೆಹಾಕಿಟ್ಟರೆ ಬೆಳಿಗ್ಗೆ ಆಕೆಗೆ ಉಳಿಯುವುದು ಕಾಲು ಗಂಟೆಯ ಕೆಲಸ. ವಾಷಿಂಗ್ ಸೋಡಾ ಕಾಸ್ಟಿಕ್ಕಿನಷ್ಟು ಉಗ್ರವಲ್ಲದಿದ್ದರೂ ಚರ್ಮವನ್ನು ಒಣಗಿಸಿ ಉರಿಸುತ್ತದೆ. ಮೊಣಕೈವರೆಗೆ ಬರುವ ರಬ್ಬರ್ ಕೈಗವಸು ತಂದುಕೊಡಿ. ನಿಮ್ಮ ಅಳತೆಯದ್ದು ತರಬೇಡಿ, ಸಡಿಲವಾದರೆ ಬಿಸಿನೀರು ಒಳಗೆ ಇಳಿಯುತ್ತದೆ. ಆಕೆಯ ಕೈ ಅಳತೆ ಕೇಳಿಕೊಂಡು ತನ್ನಿ.